ಕೊಂಡ ಡೇಟಾ ನನ್ನದು, ಹಂಚಲು ಬೇಲಿ ಯಾರದು?

ಹೊರರಾಜ್ಯದಲ್ಲಿ ದುಡಿಯುವ ನಮ್ಮಂಥವರಿಗೆ ಬ್ರಾಡ್‌ಬ್ಯಾಂಡ್ ಎಂದರೆ ಬಹುಪಾಲು ಜೇಬಿನಲ್ಲಿರುವ ಫೋನೇ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಫೈಬರ್ ಸಂಪರ್ಕ ಕೇಳಿದರೆ ಹಲವು ತಿಂಗಳ ಹಣ ಮುಂಗಡ ಕಟ್ಟಬೇಕು, ಮನೆ ಮಾಲೀಕರು ಗೋಡೆಗೆ ತೂತು ಕೊರೆಯಲು ಬಿಡುವುದಿಲ್ಲ, ಎರಡೂ ಕೂಡಿಬರುವ ಹೊತ್ತಿಗೆ ಕಂಪನಿ ಮತ್ತೊಂದು ಊರಿಗೆ ಎತ್ತಿ ಹಾಕಿರುತ್ತದೆ. ಆಗ ಉಳಿಯುವುದು ಒಂದೇ ದಾರಿ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡು, ಲ್ಯಾಪ್‌ಟಾಪ್ ಜೋಡಿಸು, ಕೆಲಸ ಶುರು ಮಾಡು.

ನನ್ನ ಸಂಸಾರ ಇರುವುದು ನಾಸಿಕ್‌ನ ಸಾತ್ಪುರದ ಬಳಿ. ಕೆಲಸ ವಾರದಲ್ಲಿ ಐದು ದಿನ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ. 2023ರಲ್ಲಿ ಹೆಸರು ಬದಲಾಗುವವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರು ಅದು. ಕಾರ್ಖಾನೆಯ ಯಂತ್ರಗಳಿಗೆ ನಿಯಂತ್ರಣ ಪ್ರೋಗ್ರಾಂ ಬರೆಯುವುದು ನನ್ನ ವೃತ್ತಿ. ಸೋಮವಾರ ನಾಸಿಕ್ ರೋಡ್‌ನಲ್ಲಿ ರೈಲು ಹತ್ತಿದರೆ ಮನ್ಮಾಡ್ ದಾಟಿದ ಮೇಲೆ ನಗರಸೋಲ್, ರೋಟೆಗಾಂವ್, ಲಾಸೂರ್ ಉದ್ದಕ್ಕೂ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಸಿಕ್ಕಷ್ಟರಲ್ಲಿ ಫೈಲ್ ಕಳಿಸಬೇಕು. ವಾಳೂಜ್ ಪಕ್ಕದ ಬಜಾಜ್ ನಗರದಲ್ಲಿ ನನ್ನ ಬಾಡಿಗೆ ಕೋಣೆ. ಪಕ್ಕದ ಕೋಣೆಯಲ್ಲಿ ಬೀದರ್, ಯಾದಗಿರಿ ಕಡೆಯ ಮೂವರು ಹುಡುಗರು, ಟ್ರೈನಿಗಳು. ರಾತ್ರಿ ಊಟ ಒಟ್ಟಿಗೆ, ಇಂಟರ್ನೆಟ್ಟೂ ಹೆಚ್ಚುಕಡಿಮೆ ಒಟ್ಟಿಗೆ.

ಕಳೆದ ವರ್ಷ ‘ಅನ್‌ಲಿಮಿಟೆಡ್’ ಎಂಬ ದೊಡ್ಡ ಅಕ್ಷರದ ಪ್ಲ್ಯಾನ್ ಒಂದನ್ನು ಹಾಕಿಸಿದೆ. ಕೆಲವು ದಿನ ಎಲ್ಲ ಸರಿ ಇತ್ತು. ಆಮೇಲೆ ಒಂದು ವಿಚಿತ್ರ ಶುರುವಾಯಿತು. ಫೋನಿನಲ್ಲಿ ವಿಡಿಯೊ ಸರಾಗವಾಗಿ ಓಡುತ್ತದೆ, ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ಮೇಲ್ ಕೂಡ ತೆರೆಯುವುದಿಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಉತ್ತರ ಸಿದ್ಧವಿತ್ತು: ‘ಸರ್, ಈ ಪ್ಲ್ಯಾನಿನ ಅನ್‌ಲಿಮಿಟೆಡ್ ಭಾಗ ಹ್ಯಾಂಡ್‌ಸೆಟ್‌ಗೆ ಮಾತ್ರ.’ ಅದು ನಿಯಮಗಳ ಪುಟದಲ್ಲಿ, ಭೂತಗನ್ನಡಿ ಬೇಕಾಗುವಂಥ ಅಕ್ಷರದಲ್ಲಿ ಇತ್ತಂತೆ. ಮಾರುವಾಗ ಅಂಗಡಿಯವನೂ ಹೇಳಲಿಲ್ಲ, ಆ್ಯಪ್ ಕೂಡ ಹೇಳಲಿಲ್ಲ.

ಲ್ಯಾಪ್‌ಟಾಪ್ ಜೋಡಿಸಿದ್ದೇನೆಂದು ಕಂಪನಿಗೆ ತಿಳಿಯುವುದಾದರೂ ಹೇಗೆ? ಇದರಲ್ಲಿ ಮಾಟಮಂತ್ರವೇನಿಲ್ಲ. ಇಂಟರ್ನೆಟ್‌ನಲ್ಲಿ ಹೋಗುವ ಪ್ರತಿ ಡೇಟಾ ಪೊಟ್ಟಣದ ಮೇಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ದಾರಿಯಲ್ಲಿ ಒಂದೊಂದು ಸಾಧನ ದಾಟಿದಾಗಲೂ ಅದು ಒಂದೊಂದು ಕಡಿಮೆಯಾಗುತ್ತದೆ. ದಾರಿ ತಪ್ಪಿದ ಪೊಟ್ಟಣ ಕೊನೆಯಿಲ್ಲದೆ ಸುತ್ತದಿರಲಿ ಎಂದು ಮಾಡಿದ ಏರ್ಪಾಡು ಅದು. ಫೋನಿನಿಂದ ನೇರ ಹೊರಟ ಪೊಟ್ಟಣ ಸಾಮಾನ್ಯವಾಗಿ 64 ಎಂಬ ಸಂಖ್ಯೆ ಹೊತ್ತಿರುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ 128ರಿಂದ ಶುರು ಮಾಡುತ್ತದೆ. ಫೋನ್ ದಾಟಿ ಟವರ್ ತಲುಪುವಾಗ ಅದು 127. ಮತ್ತೊಂದು ಫೋನ್ ಜೋಡಿಸಿದ್ದರೆ 63. ಇಷ್ಟು ಕಂಡರೆ ಸಾಕು, ಈ ಪೊಟ್ಟಣ ಹಿಂಬಾಗಿಲಿನಿಂದ ಬಂದದ್ದು ಎಂದು ಊಹಿಸಬಹುದು. ಇದಲ್ಲದೆ ಹಾಟ್‌ಸ್ಪಾಟ್ ಡೇಟಾಕ್ಕೆ ಬೇರೆಯೇ ದಾರಿ ಗೊತ್ತುಮಾಡುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿದೆ. ಐಫೋನ್‌ನಲ್ಲಿ ಹಾಟ್‌ಸ್ಪಾಟ್ ಆಯ್ಕೆ ಕಾಣಿಸಬೇಕೋ ಬೇಡವೋ ಎಂಬುದನ್ನು ಮೊಬೈಲ್ ಕಂಪನಿಯ ಸೆಟ್ಟಿಂಗ್ಸ್ ನಿರ್ಧರಿಸಬಹುದು.

ಜಗಳ ಹೊಸದಲ್ಲ. ಆಂಡ್ರಾಯ್ಡ್ ಫೋನುಗಳಿಗೆ ವೈಫೈ ಹಾಟ್‌ಸ್ಪಾಟ್ ಬಂದದ್ದು 2010ರಲ್ಲಿ, ಐಫೋನ್‌ಗಳಿಗೆ 2011ರಲ್ಲಿ. ಅಮೆರಿಕದ ಕಂಪನಿಗಳು ಆಗಲೇ ಹಾಟ್‌ಸ್ಪಾಟ್‌ಗೆ ಬೇರೆ ಶುಲ್ಕ ಹಾಕಿದವು. ಶುಲ್ಕ ತಪ್ಪಿಸುವ ಆ್ಯಪ್‌ಗಳು ಹುಟ್ಟಿಕೊಂಡವು. ಅಂಥ ಆ್ಯಪ್‌ಗಳನ್ನು ಗೂಗಲ್‌ನ ಅಂಗಡಿಯಲ್ಲಿ ತಡೆಸಿದ ವಿಚಾರದಲ್ಲಿ ಅಲ್ಲಿನ ಸಂಪರ್ಕ ಆಯೋಗ ವೆರಿಝಾನ್ ವೈರ್‌ಲೆಸ್ ಮೇಲೆ ತನಿಖೆ ನಡೆಸಿತು. 2012ರ ಜುಲೈನಲ್ಲಿ ಕಂಪನಿ 12.5 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಬಳಸಿದಷ್ಟಕ್ಕೆ ಹಣ ಕೊಡುವ ಗ್ರಾಹಕ ಹೆಚ್ಚುವರಿ ಶುಲ್ಕವಿಲ್ಲದೆ ಹಾಟ್‌ಸ್ಪಾಟ್ ಬಳಸಬಹುದು ಎಂಬುದು ಇತ್ಯರ್ಥದ ಸಾರ. ಆ ಕಂಪನಿ ಪಡೆದಿದ್ದ ತರಂಗಾಂತರಕ್ಕೆ ಇದ್ದ ಮುಕ್ತ ಬಳಕೆಯ ಷರತ್ತಿನಿಂದ ಅದು ಸಾಧ್ಯವಾಯಿತು.

ನಮ್ಮಲ್ಲಿ ಕಥೆ ಬೇರೆ. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದ ಮೇಲೆ ದಿನಕ್ಕೆ ಇಷ್ಟು ಜಿಬಿ ಎಂಬ ಲೆಕ್ಕ ರೂಢಿಯಾಯಿತು. ಒಂದೂವರೆ ಜಿಬಿಯನ್ನು ಫೋನಿನಲ್ಲಿ ಸುಟ್ಟರೂ ಅಷ್ಟೇ, ಲ್ಯಾಪ್‌ಟಾಪ್‌ನಲ್ಲಿ ಸುಟ್ಟರೂ ಅಷ್ಟೇ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಕರಾರು ಬಂದದ್ದು ಮಿತಿಯಿಲ್ಲದ 5ಜಿ ಜೊತೆಗೆ. 2024ರ ಜುಲೈನಲ್ಲಿ ದರ ಏರಿದಾಗ ಜಿಯೊ ಮತ್ತು ಏರ್‌ಟೆಲ್ ಆ ಸೌಲಭ್ಯವನ್ನು ದಿನಕ್ಕೆ 2 ಜಿಬಿ ಹಾಗೂ ಅದಕ್ಕೂ ಮೇಲಿನ ಪ್ಲ್ಯಾನ್‌ಗಳಿಗೆ ಸೀಮಿತಗೊಳಿಸಿದವು. ಮಿತಿಯಿಲ್ಲ ಎಂದಮೇಲೆ ಒಂದೇ ಸಿಮ್‌ನಿಂದ ಇಡೀ ಕಟ್ಟಡಕ್ಕೆ ಇಂಟರ್ನೆಟ್ ಹರಿಸುವವರೂ ಇರುತ್ತಾರೆ. ಆಗ ಅದೇ ಟವರ್ ನಂಬಿದ ಪಕ್ಕದ ಬೀದಿಯವರಿಗೆ ವೇಗ ಕುಸಿಯುತ್ತದೆ. ಕಂಪನಿಯ ಈ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಅಳೆದು ಕೊಟ್ಟ 2 ಜಿಬಿ ಸಂತೆಯಿಂದ ತಂದ ಜೋಳದ ಹಾಗೆ. ರೊಟ್ಟಿ ಮಾಡುತ್ತೇನೋ ಅಂಬಲಿ ಮಾಡುತ್ತೇನೋ ಮಾರಿದವರು ಕೇಳುವಂತಿಲ್ಲ. ಅಳತೆಯಿಲ್ಲದೆ ಕೊಟ್ಟದ್ದು ಖಾನಾವಳಿಯ ಊಟದ ಹಾಗೆ. ಹೊಟ್ಟೆ ತುಂಬ ಉಣ್ಣಬಹುದು, ಡಬ್ಬಿ ಕಟ್ಟಿಕೊಂಡು ಹೋಗುವಂತಿಲ್ಲ. ಎರಡನೆಯ ನಿಯಮ ಇರಲಿ, ಆದರೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ಮೊದಲನೆಯದಕ್ಕೂ ಅದನ್ನೇ ಅನ್ವಯಿಸುವುದು ಅನ್ಯಾಯ. 2018ರ ಜುಲೈನಲ್ಲಿ ಕೇಂದ್ರ ಒಪ್ಪಿದ ನೆಟ್ ನ್ಯೂಟ್ರಾಲಿಟಿ ತತ್ವ ಮುಖ್ಯವಾಗಿ ಯಾವ ತಾಣ, ಯಾವ ಆ್ಯಪ್ ಎಂದು ತಾರತಮ್ಯ ಮಾಡಬೇಡಿ ಎನ್ನುತ್ತದೆ. ಹಾಟ್‌ಸ್ಪಾಟ್‌ನ ಜಗಳ ಕೊನೆಗೆ ಬಂದು ನಿಲ್ಲುವುದು ಪ್ಲ್ಯಾನಿನ ಷರತ್ತುಗಳಲ್ಲೇ.

ಪಕ್ಕದ ಕೋಣೆಯ ಹುಡುಗನೊಬ್ಬ ಒಳದಾರಿ ಹೇಳಿದ. ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲು ಬದಲಿಸಿದರೆ ಆ ಸಂಖ್ಯೆಯೂ ಬದಲಾಗುತ್ತದೆ, ಟವರ್‌ಗೆ ಎಲ್ಲವೂ ಫೋನಿನದೇ ಎಂದು ಕಾಣುತ್ತದೆ ಎಂದ. ಹೇಳಿದ್ದು ತಾಂತ್ರಿಕವಾಗಿ ಸರಿಯೇ. ನಾನು ಬೇಡ ಎಂದೆ. ಕಾರಣ ನೀತಿಬೋಧೆಯಲ್ಲ, ನನ್ನ ನಂಬರ್. ಅದು ಧಾರವಾಡದಲ್ಲಿ ತೆಗೆದುಕೊಂಡ ಕರ್ನಾಟಕದ ನಂಬರ್. ಆಧಾರ್, ಬ್ಯಾಂಕ್, ಪಿಎಫ್, ಅಪ್ಪನ ಆಸ್ಪತ್ರೆಯ ಕಾರ್ಡು, ಮಗಳ ಶಾಲೆ, ಎಲ್ಲದರ ಒಟಿಪಿ ಬರುವುದು ಅದಕ್ಕೇ. ಷರತ್ತು ಮುರಿದ ನೆಪದಲ್ಲಿ ಕಂಪನಿ ಸೇವೆ ನಿಲ್ಲಿಸಿದರೆ ಹೋಗುವುದು ಡೇಟಾ ಅಷ್ಟೇ ಅಲ್ಲ. ರದ್ದಾದ ನಂಬರನ್ನು ಕನಿಷ್ಠ 90 ದಿನಗಳ ಬಳಿಕ ಬೇರೆಯವರಿಗೆ ಕೊಡಲು ಅವಕಾಶವಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆಯೇ ಟ್ರಾಯ್ ಹೇಳಿದೆ. ಊರಲ್ಲಿದ್ದವರು ಬ್ಯಾಂಕಿಗೆ ನಡೆದು ಹೋಗಿ ಸರಿ ಮಾಡಿಸಿಕೊಂಡಾರು. ಹೊರಗಿರುವ ನಮಗೆ ಆ ನಂಬರೇ ಊರಿನ ವಿಳಾಸ.

ಹಾಗಾಗಿ ನೇರ ದಾರಿ ಹಿಡಿದೆ. ದೂರು ಕೊಟ್ಟು ಅದರ ಸಂಖ್ಯೆ ಬರೆದಿಟ್ಟುಕೊಂಡೆ. ಸಿಕ್ಕ ಉತ್ತರ ಹಾರಿಕೆಯದಾಗಿತ್ತು. ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಇದು 2012ರ ಟ್ರಾಯ್ ನಿಯಮ. ಹೋದೆ. ಅಲ್ಲಿಂದ ಲಿಖಿತ ಉತ್ತರ ಬಂತು: ದಿನದ ನಿಗದಿತ ಡೇಟಾವನ್ನು ಹಾಟ್‌ಸ್ಪಾಟ್‌ಗೆ ಬಳಸಬಹುದು, ಮಿತಿಯಿಲ್ಲದ ಭಾಗ ಮಾತ್ರ ಹ್ಯಾಂಡ್‌ಸೆಟ್‌ಗೆ. ತಡೆಯೂ ತೆಗೆದರು. ಪೂರ್ತಿ ಗೆಲುವೇನಲ್ಲ, ಆದರೆ ಈಗ ನನ್ನ ಹಕ್ಕು ಎಲ್ಲಿಯವರೆಗೆ ಎಂದು ಕಾಗದದ ಮೇಲಿದೆ.

ಇನ್ನು ಪಕ್ಕದ ಕೋಣೆಯ ಮಾತು. ನಮ್ಮೂರ ಹುಡುಗರು ಕೇಳಿದರೆ ಪಾಸ್‌ವರ್ಡ್ ಕೊಡದೆ ಇರುವುದು ಹೇಗೆ? ಕೊಡುತ್ತೇನೆ, ಆದರೆ ಹೆಸರು ಗೊತ್ತಿದ್ದವರಿಗೆ ಮಾತ್ರ. ಇದೇ ಮಹಾರಾಷ್ಟ್ರದ ನವಿ ಮುಂಬೈನ ಸಾನ್‌ಪಾಡಾದಲ್ಲಿ 2008ರ ಜುಲೈನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್‌ನ ಜಾಡು ಅಲ್ಲಿ ವಾಸವಿದ್ದ ಅಮೆರಿಕನ್ ಪ್ರಜೆಯೊಬ್ಬರ ವೈಫೈಗೆ ತಲುಪಿತು. ಬೇರೆಯವರು ಅವರ ಸಂಪರ್ಕವನ್ನು ಬಳಸಿಕೊಂಡಿದ್ದರು. ಪೊಲೀಸರು ಮೊದಲು ಬಡಿದದ್ದು ಮಾತ್ರ ಸಂಪರ್ಕ ಯಾರ ಹೆಸರಲ್ಲಿತ್ತೋ ಅವರ ಬಾಗಿಲನ್ನು. ಹಾಟ್‌ಸ್ಪಾಟ್‌ನಿಂದ ಹೊರಟ ಪ್ರತಿಯೊಂದೂ ಹೊರಜಗತ್ತಿಗೆ ಸಿಮ್ ಮಾಲೀಕನದೇ ಎಂದು ಕಾಣುತ್ತದೆ. ಹಂಚಿ ಹಣ ಪಡೆಯುವ ಯೋಚನೆಯಂತೂ ಬೇಡವೇ ಬೇಡ. ಅದಕ್ಕೆ ಪಿಎಂ-ವಾಣಿ ಎಂಬ ಸರಿಯಾದ ದಾರಿಯೇ ಇದೆ. 2020ರ ಡಿಸೆಂಬರ್‌ನಲ್ಲಿ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು.

ನಿಮ್ಮಲ್ಲಿ ಯಾರಾದರೂ ಪುಣೆ, ಸೂರತ್, ಹೈದರಾಬಾದ್, ಎಲ್ಲಿಯಾದರೂ ಹೊಸ ಪ್ಲ್ಯಾನ್ ಹಾಕಿಸುವವರಿದ್ದರೆ ಮೂರು ಪ್ರಶ್ನೆ ಕೇಳಿ: ಹಾಟ್‌ಸ್ಪಾಟ್‌ಗೆ ಅವಕಾಶ ಇದೆಯೇ? ಇದ್ದರೆ ಎಷ್ಟು ಜಿಬಿಯವರೆಗೆ? ಮಿತಿ ಮೀರಿದರೆ ವೇಗ ಇಳಿಯುತ್ತದೆಯೋ, ಸೇವೆ ನಿಲ್ಲುತ್ತದೆಯೋ? ಉತ್ತರವನ್ನು ಚಾಟ್ ಅಥವಾ ಮೇಲ್‌ನಲ್ಲಿ ಪಡೆದು ಇಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್’ ಎಂದು ಗುರುತು ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಒಂದೇ ದಿನದ ಡೇಟಾ ನುಂಗಿಬಿಡುತ್ತದೆ. ಪಾಸ್‌ವರ್ಡ್ ಉದ್ದವಿರಲಿ, ಆಗಾಗ ಬದಲಾಗಲಿ. ಡೇಟಾ ಮುಗಿದರೆ ನಾಳೆ ಬೆಳಿಗ್ಗೆ ಮತ್ತೆ ಬರುತ್ತದೆ. ನಂಬರ್ ಹಾಗಲ್ಲ.