ಸಹಿ ನಂದೇ ಅದ್ರಿ

ಬೀದರಿನ ಗಾಂಧಿ ಗಂಜದಲ್ಲಿ ಒಬ್ಬ ಮುನೀಮರಿದ್ದರು. ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ತೊಗರಿ, ಉದ್ದು, ಹೆಸರು ಎಷ್ಟೇ ಚೀಲ ಬರಲಿ, ಹಮಾಲಿ, ತೂಕದ ಖರ್ಚು ಕಳೆದು ರೈತನ ಕೈಗೆ ಬರುವ ಮೊತ್ತವನ್ನು ಬಾಯಲ್ಲೇ ಹೇಳುತ್ತಿದ್ದರು. ನಾನು ಆಗ ಬ್ಯಾಂಕಿನ ಗುಮಾಸ್ತ. ಅವರು ಕೌಂಟರಿಗೆ ಬಂದರೆ ನನ್ನ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡುತ್ತಿದ್ದೆ. ಬಿ.ಕಾಂ. ಓದಿದವನು ನಾನು, ತಪ್ಪು ಹಿಡಿಯುವವರು ಅವರು!

ಎಪ್ಪತ್ತು ದಾಟಿದ ಮೇಲೆ ಒಂದು ದಿನ ಮಗನ ಜೊತೆ ಹಣ ತೆಗೆಯಲು ಬಂದರು. ಸಹಿ ಹೊಂದಲಿಲ್ಲ. ಎರಡನೆಯ ಚೀಟಿ ಕೊಟ್ಟೆ, ಮೂರನೆಯದೂ ಆಯಿತು. "ಅವರಿಗೇನೂ ತಿಳಿಯಂಗಿಲ್ರಿ ಸಾಹೇಬ್ರ, ಹೆಬ್ಬೆಟ್ಟು ಹಚ್ಚಿಸ್ರಿ" ಎಂದ ಮಗ, ಅವರೆದುರಿಗೇ. ಮಾಡಬಾರದ ಕೆಲಸವೊಂದನ್ನು ನಾನು ಮಾಡಿದೆ. ಮಾದರಿ ಸಹಿಯ ಕಾರ್ಡನ್ನು ಅವರ ಕಡೆ ತಿರುಗಿಸಿದೆ. ಮುನೀಮರು ಬಹಳ ಹೊತ್ತು ಅದನ್ನೇ ನೋಡಿದರು.

"ಸಹಿ ನಂದೇ ಅದ್ರಿ. ಹಾಕ್ದಾಂವ ಎಲ್ಲಿ ಹೋದ್ನೋ ತಿಳೀವಲ್ದು" ಎಂದರು.

ತಮ್ಮಿಂದ ಏನೋ ಹೋಗಿದೆ ಎಂಬುದು ಅವರಿಗೆ ಗೊತ್ತಿತ್ತು. ಮಗನ ಮಾತೂ ಕೇಳಿಸಿತ್ತು.

ನಿವೃತ್ತನಾದ ಮೇಲೆ ಮರೆವಿನ ಕಾಯಿಲೆಯ ಬಗ್ಗೆ ಓದುತ್ತಾ ಕೂತಾಗ ಹೆಚ್ಚುಕಡಿಮೆ ಇದೇ ಮಾತು ಜರ್ಮನಿಯಲ್ಲಿ ಸಿಕ್ಕಿತು. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಡಾಕ್ಟರ್ ಆಲೋಯಿಸ್ ಆಲ್ಜೈಮರ್ ಅವರ ಹೆಸರು ಬರೆಯಲು ಹೇಳಿದರು. 'ಶ್ರೀಮತಿ' ಎಂಬಷ್ಟು ಬರೆದು ಮುಂದಿನದು ಮರೆತುಹೋಯಿತು. ನಾನು ನನ್ನನ್ನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತು ಆ ತಾಯಿಯ ಬಾಯಿಂದ ಬಂತು. ಡಾಕ್ಟರ್ ಅದನ್ನೂ ಕಡತದಲ್ಲಿ ಬರೆದಿಟ್ಟರು. ಆಕೆ ತೀರಿಕೊಂಡ 1906ರಲ್ಲೇ ಅವರು ಈ ರೋಗದ ವಿಷಯವನ್ನು ವೈದ್ಯರ ಸಭೆಯಲ್ಲಿ ಮಂಡಿಸಿದರು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತ್‌ನಾಗ್ ಅವರ ಪಾತ್ರಕ್ಕೆ ಇದ್ದದ್ದು ಇದೇ ಆಲ್ಜೈಮರ್ ಕಾಯಿಲೆ.

ಎಲ್ಲರಿಗೂ ಹೀಗೆ ಗೊತ್ತಾಗುತ್ತದೆ ಎನ್ನುವಂತಿಲ್ಲ. ತನ್ನನ್ನು ತಾನು ಗಮನಿಸಿಕೊಳ್ಳುವ ಮಿದುಳಿನ ಶಕ್ತಿಗೇ ರೋಗ ತಟ್ಟಿದರೆ "ನನಗೇನಾಗಿದೆ? ಚೆನ್ನಾಗಿದ್ದೀನಿ" ಎಂದು ಜಗಳವಾಡುತ್ತಾರೆ. ಅದು ಹಟವೂ ಅಲ್ಲ, ಸುಳ್ಳೂ ಅಲ್ಲ. ಮಕ್ಕಳೇ, ಹೊಸ ಎಂಟ್ರಿ ಬೀಳದ ಪಾಸ್‌ಬುಕ್ ನೆನೆಸಿಕೊಳ್ಳಿ. ಖಾತೆಯಲ್ಲಿ ಹಣ ಕರಗಿದ್ದರೂ ಪುಸ್ತಕದಲ್ಲಿ ಹಳೆಯ ಬಾಕಿಯೇ ಕಾಣುತ್ತದೆ. ಮುತ್ಯಾ ತನ್ನನ್ನು ಮೂವತ್ತರ ಹರೆಯದವನೆಂದು ತಿಳಿದಿದ್ದರೆ ಕನ್ನಡಿಯಲ್ಲಿ ಕಾಣುವ ಮುದುಕ ಯಾರೆಂದು ಗಾಬರಿಯಾಗುವುದಿಲ್ಲವೇ? ಮನೆಯಲ್ಲೇ ಕೂತು "ಮನೀಗಿ ಹೋಗ್ತೀನಿ, ಅವ್ವ ಹಾದಿ ನೋಡ್ತಿರ್ತಾಳ" ಎನ್ನುವುದೂ ಹೀಗೆಯೇ. ಅವ್ವ ಸತ್ತು ಎಷ್ಟೋ ವರ್ಷವಾಯಿತೆಂದು ತಿದ್ದಲು ಹೋಗಬೇಡಿ. ಪ್ರತಿ ಸಲವೂ ಅದು ಅವರಿಗೆ ಹೊಸ ಸಾವು. ಅವ್ವ ಏನು ಅಡಿಗೆ ಮಾಡುತ್ತಿದ್ದಳು ಎಂದು ಕೇಳಿ ನೋಡಿ.

ಇನ್ನೂ ಒಂದು ವಿಷಯವಿದೆ. ಈ ಅರಿವು ಬೆಳಿಗ್ಗೆ ಇದ್ದು ಸಂಜೆಗೆ ಇಲ್ಲದಿರಬಹುದು. ಲೆಕ್ಕ ತಪ್ಪುವುದು ಗೊತ್ತಾದವರಿಗೆ ಹಾದಿ ತಪ್ಪುವುದು ಗೊತ್ತಾಗದಿರಬಹುದು. ಆಸ್ಟ್ರೇಲಿಯಾದ ಕ್ರಿಸ್ಟೀನ್ ಬ್ರೈಡನ್ ಎಂಬ ಸರ್ಕಾರಿ ಅಧಿಕಾರಿಗೆ 1995ರಲ್ಲಿ, 46ನೆಯ ವಯಸ್ಸಿಗೇ ಡಿಮೆನ್ಷಿಯಾ ಎಂದು ಡಾಕ್ಟರರು ಹೇಳಿದರು. ಒಳಗೆ ಏನಾಗುತ್ತಿದೆ ಎಂದು ಅವರು ತಾವೇ ಪುಸ್ತಕ ಬರೆದರು, ದೇಶ ದೇಶ ತಿರುಗಿ ಮಾತಾಡಿದರು.

ಮರೆವು ಕಂಡ ಕೂಡಲೇ ಇದೇ ರೋಗ ಎಂದು ಹೆದರಬೇಕಾಗಿಯೂ ಇಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧವಿದೆ. ಮೊದಲು ಡಾಕ್ಟರಿಗೆ ತೋರಿಸಬೇಕು.

ಮುನೀಮರನ್ನು ಆಮೇಲೂ ಗಂಜದಲ್ಲಿ ನೋಡುತ್ತಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಕೂರಿಸಿರುತ್ತಿದ್ದರು. ಬಂದವರೆಲ್ಲ "ನಾ ಯಾರು ಹೇಳ್ರಿ?" ಎಂದು ಪರೀಕ್ಷೆ ಮಾಡುವವರೇ. ಅವರು ತಲೆ ತಗ್ಗಿಸುತ್ತಿದ್ದರು. ಶಾಲೆಗೆ ಹೋಗುವ ಮೊಮ್ಮಗ ಮಾತ್ರ ಹಾಗೆ ಕೇಳುತ್ತಿರಲಿಲ್ಲ. ಚೀಲದಿಂದ ಒಂದು ಹಿಡಿ ತೊಗರಿ ತಂದು ಅವರ ಅಂಗೈಗೆ ಹಾಕಿ "ಮುತ್ಯಾ, ಈ ಮಾಲು ಹ್ಯಾಂಗದ?" ಎನ್ನುತ್ತಿದ್ದ.

ಮುನೀಮರು ಕಾಳನ್ನು ಬೆರಳಲ್ಲಿ ತಿಕ್ಕಿ, ಒಂದನ್ನು ಹಲ್ಲಿಗಿಟ್ಟು ಕಡಿದು, "ಹಸಿ ಅದ. ಇನ್ನೆರಡು ದಿನ ಬಿಸಲಿಗಿ ಹಾಕ್ರಿ" ಎನ್ನುತ್ತಿದ್ದರು.