ಉಪ್ಪುನೀರಿಗೆ ಭತ್ತ ಕೊಡುವ ಉತ್ತರ

ಬಿಸಿಲೇರಿದರೆ ಹಸು ಮರದ ನೆರಳಿಗೆ ಸರಿಯುತ್ತದೆ. ನೆರೆ ಬಂದರೆ ನಾವು ಎತ್ತರದ ಜಾಗಕ್ಕೆ ಹೋಗುತ್ತೇವೆ. ಭತ್ತದ ಗಿಡಕ್ಕೆ ಈ ಅನುಕೂಲವಿಲ್ಲ. ಮಳೆ ಕೈಕೊಡಲಿ, ಗದ್ದೆಗೆ ಉಪ್ಪುನೀರು ನುಗ್ಗಲಿ, ಅದು ನಿಂತಲ್ಲೇ ಎದುರಿಸಬೇಕು. ಆ ಹೋರಾಟದಲ್ಲಿ ಗಿಡದ ಕೆಲಸಗಾರರು ಪ್ರೋಟೀನುಗಳು. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಶುಕ್ರವಾರ ಬಿರಿಯಾನಿ. ಹೀಗೆ ದಿನವೂ ತಿನ್ನುವ ಅಕ್ಕಿಯ ಈ ಕಥೆಯನ್ನು ವಿಜ್ಞಾನ ವಿಭಾಗದವರಷ್ಟೇ ಅಲ್ಲ, ಎಲ್ಲರೂ ತಿಳಿಯಬೇಕು ಎನಿಸಿ ಬರೆಯುತ್ತಿದ್ದೇನೆ.

ಭತ್ತದ ಸಂಪೂರ್ಣ ಜೀನೋಮ್ ನಕ್ಷೆ 2005ರಲ್ಲೇ ಪ್ರಕಟವಾಗಿದೆ. ಹಾಗಿದ್ದ ಮೇಲೆ ಪ್ರೋಟೀನುಗಳನ್ನು ಬೇರೆಯಾಗಿ ಹುಡುಕುವುದೇಕೆ? ಅಡುಗೆ ಪುಸ್ತಕದಲ್ಲಿ ನೂರಾರು ಅಡುಗೆಗಳ ವಿವರ ಇರುತ್ತದೆ. ಈ ಹೊತ್ತು ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯಲು ಒಲೆಯ ಮೇಲಿನ ಪಾತ್ರೆಯನ್ನೇ ನೋಡಬೇಕು. ಜೀನ್‌ಗಳು ಪುಸ್ತಕವಾದರೆ ಪ್ರೋಟೀನುಗಳು ಪಾತ್ರೆಯಲ್ಲಿರುವ ಅಡುಗೆ. ಬೇರಿನಲ್ಲೂ ಎಲೆಯಲ್ಲೂ ಇರುವುದು ಒಂದೇ ಡಿಎನ್‌ಎ. ಆದರೆ ತಯಾರಾಗುವ ಪ್ರೋಟೀನುಗಳು ಬೇರೆ. ಉಪ್ಪು ತಗುಲಿದಾಗ ಆ ಪಟ್ಟಿ ಮತ್ತೆ ಬದಲಾಗುತ್ತದೆ. ಹೀಗೆ ಒಂದು ಜೀವಿಯ ಪ್ರೋಟೀನುಗಳನ್ನೆಲ್ಲ ಒಟ್ಟಾಗಿ ಅಧ್ಯಯನ ಮಾಡುವ ಶಾಖೆಗೆ ಪ್ರೋಟಿಯೊಮಿಕ್ಸ್ ಎಂದು ಹೆಸರು.

ವಿಧಾನ ಹೀಗಿದೆ. ಒಂದೇ ತಳಿಯ ಸಸಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಹಿನೀರು, ಇನ್ನೊಂದಕ್ಕೆ ಉಪ್ಪುನೀರು ಕೊಡುತ್ತಾರೆ. ನಂತರ ಬೇರನ್ನು ಅರೆದು ಪ್ರೋಟೀನುಗಳನ್ನು ಹೊರತೆಗೆಯುತ್ತಾರೆ. ಡಿಎನ್‌ಎ ತುಣುಕುಗಳನ್ನು ಜೆಲ್‌ನಲ್ಲಿ ಬೇರ್ಪಡಿಸುವುದನ್ನು ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಇಲ್ಲಿ ಪ್ರೋಟೀನುಗಳನ್ನು ಎರಡು ಸಲ ಬೇರ್ಪಡಿಸುತ್ತಾರೆ: ಮೊದಲು ವಿದ್ಯುದಾವೇಶದ ಪ್ರಕಾರ, ಆಮೇಲೆ ಗಾತ್ರದ ಪ್ರಕಾರ. ಬಣ್ಣ ಹಾಕಿದಾಗ ಜೆಲ್ ಮೇಲೆ ನೂರಾರು ಚುಕ್ಕೆಗಳು ಮೂಡುತ್ತವೆ. ಎರಡೂ ಜೆಲ್‌ಗಳನ್ನು ಹೋಲಿಸಿ, ಉಪ್ಪಿನಿಂದ ಹೊಸದಾಗಿ ಮೂಡಿದ ಅಥವಾ ದಪ್ಪವಾದ ಚುಕ್ಕೆಯನ್ನು ಕತ್ತರಿಸಿ ತೆಗೆಯುತ್ತಾರೆ. ನಮ್ಮ ಜೀರ್ಣಾಂಗದಲ್ಲಿ ಕೆಲಸ ಮಾಡುವ ಟ್ರಿಪ್ಸಿನ್ ಎಂಬ ಕಿಣ್ವದಿಂದಲೇ ಆ ಪ್ರೋಟೀನನ್ನು ತುಂಡರಿಸಿ, ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗುತ್ತಾರೆ. ಆ ತೂಕಗಳಿಂದ ಪ್ರೋಟೀನಿನ ಗುರುತು ಸಿಗುತ್ತದೆ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಹೀಗೆ ತೂಗಲು ದಾರಿ ಮಾಡಿಕೊಟ್ಟ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಮಾಸ್ ಸ್ಪೆಕ್ಟ್ರೋಮೀಟರ್ ಈ ಕೆಲಸಕ್ಕೆ ಸಾಮಾನ್ಯವಾಗುವ ಮೊದಲೇ, 1990ರಲ್ಲಿ, ಬೆಲ್ಜಿಯಂನ ಗೆಂಟ್‌ನ ವಿಜ್ಞಾನಿಗಳು ಭತ್ತದ ಬೇರಿನಲ್ಲಿ ಉಪ್ಪಿನಿಂದ ಹೆಚ್ಚುವ 8 ಪ್ರೋಟೀನುಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದರ ಅಮೈನೋ ಆಮ್ಲಗಳ ಸರಣಿಯನ್ನು ಭಾಗಶಃ ಓದಿ, ಅದರ ಜಾಡು ಹಿಡಿದು ಜೀನನ್ನೂ ಪತ್ತೆಹಚ್ಚಿ ಅದಕ್ಕೆ 'ಸಾಲ್‌ಟಿ' ಎಂದು ಹೆಸರಿಟ್ಟರು. ಆದರೆ ಅವರು ಬಳಸಿದ ತೈಚುಂಗ್ ನೇಟಿವ್-1 ಉಪ್ಪನ್ನು ತಾಳಲಾರದ ತಳಿ! ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಅಂಶ ಇದೇ. ಜ್ವರ ಬಂದಾಗ ಮೈ ಬಿಸಿಯಾಗುತ್ತದೆ, ಆ ಬಿಸಿಯೇ ಔಷಧವೆಂದು ಹೇಳಲಾಗದು. ಹಾಗೆಯೇ ಉಪ್ಪಿಗೆ ಹೆಚ್ಚಿದ ಪ್ರೋಟೀನೆಲ್ಲ ಗಿಡವನ್ನು ಉಳಿಸುವ ಪ್ರೋಟೀನಲ್ಲ. ಕೆಲವು ಕೇವಲ ಸಂಕಟದ ಲಕ್ಷಣ. ಅದಕ್ಕಾಗಿಯೇ ತಾಳುವ ತಳಿ, ತಾಳದ ತಳಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಹಾಗೆ ಹೋಲಿಸಿದ್ದರಿಂದ ಸಿಕ್ಕ ದೊಡ್ಡ ಫಲ 2005ರದು. ಬಂಗಾಳದ ನೋನಾ ಬೋಕ್ರಾ ಎಂಬ ನಾಟಿ ತಳಿ ಉಪ್ಪನ್ನು ತಾಳುತ್ತದೆ, ಜಪಾನಿನ ಕೊಶಿಹಿಕಾರಿ ತಾಳುವುದಿಲ್ಲ. ಈ ಎರಡನ್ನು ಅಡ್ಡಹಾಯಿಸಿ ವಂಶಾವಳಿಯನ್ನು ಪರೀಕ್ಷಿಸಿದಾಗ, ಸೋಡಿಯಂ ಸಾಗಿಸುವ ಒಂದು ಪ್ರೋಟೀನಿನ ಜೀನ್ ಸಿಕ್ಕಿತು. ಬೇರಿನಿಂದ ಮೇಲೇರುವ ನೀರಿನಲ್ಲಿರುವ ಸೋಡಿಯಂ ಎಲೆ ತಲುಪದಂತೆ ಈ ಪ್ರೋಟೀನು ದಾರಿಯಲ್ಲೇ ಹೊರಸೆಳೆಯುತ್ತದೆ. ಎರಡು ತಳಿಗಳ ಈ ಪ್ರೋಟೀನಿನಲ್ಲಿ ಇದ್ದ ವ್ಯತ್ಯಾಸ ಕೇವಲ 4 ಅಮೈನೋ ಆಮ್ಲಗಳದು.

ಇಂಥ ಜ್ಞಾನ ರೈತನ ಕೈಗೆ ಬೀಜವಾಗಿ ಸೇರಬಲ್ಲದು ಎಂಬುದಕ್ಕೆ ನೆರೆ ತಾಳುವ ಭತ್ತವೇ ಸಾಕ್ಷಿ. ಒಡಿಶಾದ ಎಫ್‌ಆರ್13ಎ ತಳಿಯ ಸಬ್1ಎ ಜೀನ್ ತಯಾರಿಸುವ ಪ್ರೋಟೀನು, ಗಿಡ ಮುಳುಗಿದಾಗ ಬೆಳವಣಿಗೆಗೆ ಕಡಿವಾಣ ಹಾಕಿ ಶಕ್ತಿಯನ್ನು ಉಳಿಸುತ್ತದೆ. ಜೀನ್ ಗುರುತುಗಳ ನೆರವಿನಿಂದ ತಳಿಸಂಕರಣ ಮಾಡಿ ಆ ಗುಣವನ್ನು ಜನಪ್ರಿಯ ಸ್ವರ್ಣ ತಳಿಗೆ ತಂದರು. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಸುಮಾರು ಎರಡು ವಾರ ಮುಳುಗಿದ್ದರೂ ಚೇತರಿಸಿಕೊಳ್ಳಬಲ್ಲದು.

ಗಮನಿಸಿ: ನೋನಾ ಬೋಕ್ರಾ, ಎಫ್‌ಆರ್13ಎ ಎರಡೂ ನಮ್ಮ ದೇಶದ ರೈತರ ಹಳೆಯ ಬೀಜಗಳಿಂದ ಬಂದವು. ನಮ್ಮ ಕರಾವಳಿಯಲ್ಲೂ ಅಂಥದ್ದೊಂದಿದೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಪ್ರದೇಶದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳುತ್ತದೆ. ಒಡ್ಡುಗಳು ಒಡೆದು, ಸಿಗಡಿ ಕೃಷಿ ಹಬ್ಬಿ, ಅದನ್ನು ಬೆಳೆಯುವ ಗದ್ದೆಗಳು ಕಡಿಮೆಯಾಗಿವೆ. ಎಂಥ ಯಂತ್ರವಿದ್ದರೂ ಅಳಿದುಹೋದ ತಳಿಯ ಬೇರಿನಿಂದ ಪ್ರೋಟೀನು ತೆಗೆಯಲಾಗದು. ನಮ್ಮಲ್ಲಿ ಕೆಲವರು ನಾಳೆ ಕೃಷಿ ವಿಜ್ಞಾನವನ್ನೋ ಜೈವಿಕ ತಂತ್ರಜ್ಞಾನವನ್ನೋ ಆರಿಸಿಕೊಳ್ಳಬಹುದು. ಅವರು ಪ್ರಯೋಗಾಲಯ ತಲುಪುವವರೆಗೆ ಈ ಬೀಜ ಉಳಿದಿರಬೇಕು. ನಿಮ್ಮ ಊರಿನಲ್ಲಿ ಯಾರಾದರೂ ಹಳೆಯ ಭತ್ತದ ಬೀಜ ಕಾಪಾಡಿಕೊಂಡು ಬಂದಿದ್ದರೆ, ಈ ರಜೆಯಲ್ಲಿ ಹೋಗಿ ಅದರ ಹೆಸರನ್ನೂ ಗುಣವನ್ನೂ ಕೇಳಿ ಬರೆದಿಟ್ಟುಕೊಳ್ಳಿ.