ಬಾಣಂತಿಯ ಬಳಲಿಕೆ: ಕಾರಣ ಪಿಟ್ಯುಟರಿಯೂ ಇರಬಹುದು

ಸೊರಬ ತಾಲ್ಲೂಕಿನ ಗುಡವಿ ಹೊರಗಿನವರಿಗೆ ಪಕ್ಷಿಧಾಮದಿಂದ ಪರಿಚಿತ. ಸುತ್ತಲಿನ ಊರುಗಳದು ಗದ್ದೆ, ತೋಟಗಳ ಬದುಕು. ಇಂಥ ಊರುಗಳಲ್ಲಿ ಹೆರಿಗೆಯಾಗಿ ತಿಂಗಳುಗಳು ಕಳೆದರೂ ಹೆಂಗಸು ಚೇತರಿಸಿಕೊಳ್ಳದಿದ್ದರೆ ರಕ್ತಹೀನತೆ ಎಂದು ಭಾವಿಸುವುದು ಸಹಜ. ಬಹಳಷ್ಟು ಸಲ ಅದು ಸರಿಯೂ ಹೌದು. ಆದರೆ ಕಬ್ಬಿಣದ ಮಾತ್ರೆಗೆ ಬಗ್ಗದ ಬಳಲಿಕೆಯ ಮೂಲ ಅಪರೂಪಕ್ಕೆ ಮಿದುಳಿನ ತಳದಲ್ಲಿರುವ, ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿಯಲ್ಲಿರುತ್ತದೆ.

ಥೈರಾಯ್ಡ್, ಅಂಡಾಶಯ ಹಾಗೂ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೆಲಸ ಮಾಡುವುದು ಪಿಟ್ಯುಟರಿಯ ಆಣತಿಯಂತೆ. ಗರ್ಭಾವಸ್ಥೆಯ ಕೊನೆಯ ದಿನಗಳಲ್ಲಿ ಅಥವಾ ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಲ್ಲಿ ದೇಹದ ರಕ್ಷಣಾ ಕಣಗಳೇ ಈ ಗ್ರಂಥಿಯ ಮೇಲೆರಗುತ್ತವೆ. ಗ್ರಂಥಿ ಊದಿಕೊಂಡು ತಲೆನೋವು ಬರುತ್ತದೆ. ದೃಷ್ಟಿನರ ಒತ್ತಿದರೆ ಅಕ್ಕಪಕ್ಕದ ನೋಟ ಮಸುಕಾಗುತ್ತದೆ. ಗ್ರಂಥಿಯ ಹಿಂಭಾಗಕ್ಕೂ ಉರಿಯೂತ ತಗುಲಿದರೆ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ತಡೆಯಲಾರದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಅಡ್ರಿನಲ್‌ನ ಕಾರ್ಟಿಸಾಲ್ ಕುಸಿಯುವುದು. ಜ್ವರ, ಶಸ್ತ್ರಚಿಕಿತ್ಸೆಗಳನ್ನು ದೇಹ ತಾಳಿಕೊಳ್ಳುವುದು ಈ ಹಾರ್ಮೋನಿನಿಂದ.

1962ರಲ್ಲಿ ಗೂಡಿ ಮತ್ತು ಪಿಂಕರ್ಟನ್ ಎಂಬ ವೈದ್ಯರು ಈ ರೋಗವನ್ನು ಮೊದಲು ವರ್ಣಿಸಿದ್ದು ಮರಣೋತ್ತರ ಪರೀಕ್ಷೆಯ ಆಧಾರದ ಮೇಲೆ. ಹೆರಿಗೆಯಾದ 14 ತಿಂಗಳಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾದ 22ರ ಹರೆಯದ ಆ ಮಹಿಳೆ ಬದುಕುಳಿಯಲಿಲ್ಲ.

ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದಾಗಲೂ ಗ್ರಂಥಿ ಸಾಯಬಹುದು. 1937ರಲ್ಲಿ ಶೀಹನ್ ಎಂಬ ವೈದ್ಯ ವಿವರಿಸಿದ ಈ ಸ್ಥಿತಿಯಲ್ಲಿ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ. ಉರಿಯೂತಕ್ಕೆ ರಕ್ತಸ್ರಾವ ಬೇಕಿಲ್ಲ ಎಂಬುದೇ ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ. ಗದ್ದೆಯಲ್ಲಿ ದುಡಿಯುವವರು ಇನ್ನೊಂದನ್ನೂ ಅರಿತಿರಬೇಕು: ಕೊಳಕುಮಂಡಲ ಹಾವಿನ ವಿಷವೂ ಪಿಟ್ಯುಟರಿಯನ್ನು ಕೆಡಿಸಬಲ್ಲದು. ಲಕ್ಷಣಗಳು ಕಡಿತದ ನೆನಪು ಮಾಸಿದ ಮೇಲೆ, ವರ್ಷಗಳ ನಂತರ ಕಾಣಿಸಿಕೊಳ್ಳುವುದುಂಟು.

ರೋಗಪತ್ತೆಯಲ್ಲಿ ಎಡವುವುದು ಹೆಚ್ಚಾಗಿ ಥೈರಾಯ್ಡ್ ಪರೀಕ್ಷೆಯಲ್ಲಿ. ಪಿಟ್ಯುಟರಿಯೇ ಸೋತಾಗ ಟಿಎಸ್‌ಎಚ್ ಪ್ರಮಾಣ ಸಹಜವಾಗಿಯೇ ಕಾಣಬಹುದು. ಟಿ4 ಕೂಡ ನೋಡದಿದ್ದರೆ ವರದಿ ದಾರಿ ತಪ್ಪಿಸುತ್ತದೆ. ಬೆಳಗಿನ ಹೊತ್ತು ಕಾರ್ಟಿಸಾಲ್ ಅಳೆಯುವುದು ಅಷ್ಟೇ ಅಗತ್ಯ. ಅದರ ಕೊರತೆಯಿರುವಾಗ ಥೈರಾಯ್ಡ್ ಮಾತ್ರೆಯನ್ನಷ್ಟೇ ಆರಂಭಿಸಿದರೆ ರೋಗಿ ಇದ್ದಕ್ಕಿದ್ದಂತೆ ಕುಸಿಯಬಹುದು. ಆದ್ದರಿಂದ ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಯ್ಡ್ ಎಂಬುದು ಚಿಕಿತ್ಸೆಯ ಕ್ರಮ. ಊತವನ್ನು ನೋಡಲು ಎಂಆರ್‌ಐ ಬೇಕು; ಅದಕ್ಕಾಗಿ ಶಿವಮೊಗ್ಗದಂಥ ಊರಿಗೆ ಹೋಗಬೇಕಾದೀತು.

ಕೆಲವರಲ್ಲಿ ಉರಿಯೂತ ತಾನಾಗಿ ಇಳಿಯುತ್ತದೆ. ಹಲವರಿಗೆ ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್ ಮಾತ್ರೆ ಜೀವನಪೂರ್ತಿ ಬೇಕಾಗುತ್ತದೆ. ಸ್ಟಿರಾಯ್ಡ್ ಎಂಬ ಹೆಸರಿಗೇ ಬೆದರಿ, ಗೆಲುವಾದೊಡನೆ ಮಾತ್ರೆ ಬಿಡುವವರುಂಟು. ಇಲ್ಲಿ ಅದು ದೇಹ ತಯಾರಿಸಲಾರದ ಹಾರ್ಮೋನಿಗೆ ಬದಲಿ ಮಾತ್ರ. ಜ್ವರ ಬಂದಾಗ ವೈದ್ಯರು ತಿಳಿಸಿದಂತೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಚುಚ್ಚುಮದ್ದು ಪಡೆಯಬೇಕು. ಮಾತ್ರೆಯ ವಿವರವಿರುವ ಚೀಟಿ ಸದಾ ಜೊತೆಗಿದ್ದರೆ, ರೋಗಿಗೆ ಮಾತಾಡಲಾಗದ ಹೊತ್ತಿನಲ್ಲೂ ಹತ್ತಿರದ ಆಸ್ಪತ್ರೆಯವರಿಗೆ ವಿಷಯ ತಿಳಿಯುತ್ತದೆ.